ಮಾತಿನ ಮಾರ್ಕು

ಏಳು ವಾರದಲ್ಲಿ ಹೆಡ್‌ಮೇಷ್ಟ್ರ ಸೊಸೆ ತರಗತಿಯಲ್ಲಿ ಬಾಯಿ ಬಿಟ್ಟಿದ್ದು ನಾಲ್ಕೇ ನಾಲ್ಕು ಸಲ. ಅದರಲ್ಲಿ ಒಂದು ಸಲ ಪಕ್ಕದವನ ಕಾಲು ತುಳಿದು "ಸಾರಿ" ಅಂದದ್ದು. ಅದನ್ನು ಲೆಕ್ಕಕ್ಕೆ ಹಿಡಿದಿದ್ದರೋ ಇಲ್ಲವೋ, ಹಿಡಿದಿದ್ದರೂ ಅವಳ ಹಣೆಬರಹವೇನೂ ಬದಲಾಗುತ್ತಿರಲಿಲ್ಲ. ಬಿಸಿನೆಸ್ ಸ್ಕೂಲಿನ ಆಫೀಸಿನಿಂದ ಬಂದ ಕಾಗದದಲ್ಲಿ ಎರಡೇ ಪ್ಯಾರಾ ಇತ್ತು. ಬರವಣಿಗೆಯಲ್ಲಿ ನೀವು ತರಗತಿಗೇ ಮೂರನೆಯವರು, ಸಂತೋಷ. ಮಾತಿನಲ್ಲಿ ಎಂಬತ್ತು ಜನರಲ್ಲಿ ಎಂಬತ್ತನೆಯವರು. ಒಟ್ಟು ಮಾರ್ಕಿನಲ್ಲಿ ಅರ್ಧದಷ್ಟು, ತರಗತಿಯಲ್ಲಿ ಆಡುವ ಮಾತಿಗೆ. ಸೆಮಿಸ್ಟರಿನ ಕೊನೆಗೂ ಮಾತಿನಲ್ಲಿ ಕಡೆಯ ಎಂಟರಲ್ಲೇ ಉಳಿದರೆ ಸೀಟು ರದ್ದು.

ಸೀಟು ರದ್ದಾದರೆ ಹೋಗುವುದು ಬರೀ ಸೀಟಲ್ಲ. ಆ ಪರದೇಶದಲ್ಲಿ ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಐದು ಜನ ಉಂಡು ಮಲಗುತ್ತಿದ್ದದ್ದೇ ಅವಳ ವಿದ್ಯಾರ್ಥಿ ವೀಸಾದ ಮೇಲೆ. ಊರಿನಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಮಷೀನು ನೋಡಿಕೊಳ್ಳುತ್ತಿದ್ದ ಗಂಡ ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದ್ದು 'ವಿದ್ಯಾರ್ಥಿನಿಯ ಗಂಡ' ಎಂಬ ಮುದ್ರೆಯಿಂದ. ಏಳು ವರ್ಷದ ಮಗಳು ಸ್ಕೂಲಿಗೆ ಹೋಗುತ್ತಿದ್ದದ್ದು 'ವಿದ್ಯಾರ್ಥಿನಿಯ ಮಗಳು' ಅಂತ. ಮಗುವನ್ನು ನೋಡಿಕೊಳ್ಳಲು ಬಂದ ಅತ್ತೆ ಮಾವನ ಕಾಗದಪತ್ರದ ಮೇಲೂ ಇವಳದೇ ನಂಬರು. ಹೀಗೆ ಇಡೀ ಮನೆಯ ಭಾರ ಹೋಗಿ ಅವಳ ನಾಲಿಗೆಯ ಮೇಲೆ ಕೂತಿತ್ತು. ಆ ನಾಲಿಗೆಯೋ, ಹುಟ್ಟಿದಾಗಿನಿಂದ ದುಡಿದದ್ದೇ ಕಡಿಮೆ.

ದುಡಿದದ್ದೆಲ್ಲ ಅವಳ ಕಣ್ಣು. ಒಂಬತ್ತು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನಲ್ಲಿ ನಿಂತು, ಹೊಲಿದು ಬಂದ ಶರ್ಟುಗಳನ್ನು ಒಂದೊಂದಾಗಿ ತಿರುವಿ, ಕಾಲರು, ಕಫ್, ಕಾಜಾ ನೋಡಿ, ಸರಿಯಿದ್ದದ್ದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಎಸೆದವಳು. ಅಲ್ಲಿ ಮಾತಿಗೇನು ಕೆಲಸ? ಎಡಕ್ಕೆ ಎಸೆದರೆ ಆಯಿತು, ಸೂಪರ್‌ವೈಸರಿಗೆ ಅರ್ಥವಾಗುತ್ತಿತ್ತು. ಮದುವೆಗೆ ನೋಡಲು ಬಂದಾಗಲೂ ಮಾವ ಅವಳನ್ನು ಒಪ್ಪಿದ್ದು ಅದಕ್ಕೇ. ಬಂಧುಬಳಗದಲ್ಲೆಲ್ಲ "ನಮ್ಮ ಸೊಸೆಗೆ ಬಾಯೇ ಇಲ್ಲ" ಅಂತ ಹೊಗಳಿಕೊಂಡು ತಿರುಗಿದವರು. ಆ ಬಾಯಿಲ್ಲದವಳು ಯಾರಿಗೂ ಹೇಳದೆ ಊಟದ ಬಿಡುವಿನಲ್ಲಿ ಓದಿ, ಪರೀಕ್ಷೆ ಕಟ್ಟಿ, ಪರದೇಶದಲ್ಲಿ ಸ್ಕಾಲರ್‌ಶಿಪ್ಪಿನ ಸೀಟು ತಂದು ಟೇಬಲ್ಲಿನ ಮೇಲೆ ಇಟ್ಟಾಗ ಮನೆಯವರೇ ಮೂಕರಾಗಿದ್ದರು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಇದ್ದರು. ಅನ್ನ, ಬೇಳೆ, ಎಲೆಕೋಸು. ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತಾಡುವುದು ಮಾವ ಒಬ್ಬರೇ. ಮೂವತ್ತಾರು ವರ್ಷ ಮೇಷ್ಟ್ರಾಗಿ, ಅದರಲ್ಲಿ ಹದಿನಾಲ್ಕು ವರ್ಷ ಹೆಡ್‌ಮೇಷ್ಟ್ರಾಗಿದ್ದವರು. ಈಗಲೂ ಹೆಂಡತಿ ಸಮೇತ ಎಲ್ಲರೂ ಅವರನ್ನು ಹೆಡ್‌ಮೇಷ್ಟ್ರು ಅಂತಲೇ ಕರೆಯುವುದು. ಅವರು ಮಾತಾಡುತ್ತಿರುವಾಗ ಉಪ್ಪು ಬೇಕಾದವರು ಬೆರಳು ತೋರಿಸಬೇಕು, ನೀರು ಬೇಕಾದವರು ಲೋಟ ತೋರಿಸಬೇಕು. ಅವತ್ತು ಈ ಊರಿನ ಬಸ್ಸುಗಳು ನಿಮಿಷಕ್ಕೆ ಸರಿಯಾಗಿ ಬರುವುದರ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಅವರು ಕೈ ತೊಳೆದು ಬಂದ ಮೇಲೆ ಸೊಸೆ ಕಾಗದವನ್ನು ಮುಂದಿಟ್ಟಳು.

ಹೆಡ್‌ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಮಾತಾಡ್ಲಿಲ್ಲ ಅಂತ ಫೇಲ್ ಮಾಡ್ತಾರಂತೆ! ಕೇಳ್ದೇನೋ? ನಾನು ಮೂವತ್ತಾರು ವರ್ಷ ಮಾತಾಡಿದವರನ್ನ ಬೆಂಚಿನ ಮೇಲೆ ನಿಲ್ಲಿಸಿದೀನಿ. ಇಲ್ಲಿ ಸುಮ್ನೆ ಕೂತವರನ್ನ ನಿಲ್ಲಿಸ್ತಾರಾ? ಇದು ಸ್ಕೂಲೋ, ಸಂತೆಯೋ?"

"ತಾತ, ನಮ್ ಸ್ಕೂಲಲ್ಲೂ ಮಾತಾಡ್ಬೇಕು. ನನಗೆ ಮೂರು ಸ್ಟಾರ್ ಕೊಟ್ಟಿದ್ದಾರೆ" ಅಂದಳು ಮಗಳು. ಮನೆಯಲ್ಲಿ ಅವಳಿಗೆ ಪಟಾಕಿ ಅಂತಲೇ ಹೆಸರು.

"ನಿನ್ನ ಬಾಯಿಗೆ ಇಡೀ ಆಕಾಶ ಕೊಟ್ರೂ ಕಡಿಮೇನೇ, ಅನ್ನ ತಿನ್ನು" ಅಂದರು ಅತ್ತೆ.

ಗಂಡನ ಮುಖ ಕಪ್ಪಿಟ್ಟಿತ್ತು. "ಅಲ್ಲ ಕಣೇ, ನಾಲ್ಕು ಮಾತಾಡೋಕೆ ಏನಾಗಿತ್ತು ನಿನಗೆ? ಬಾಯಿಗೆ ಹೊಲಿಗೆ ಹಾಕಿದ್ರಾ?"

"ಜಾಗ ಸಿಗಲ್ಲ ರೀ. ಒಬ್ರು ಮುಗಿಸೋ ಮೊದಲೇ ಇನ್ನೊಬ್ರು ಶುರು ಮಾಡ್ತಾರೆ. ನಾನು ಕೈ ಎತ್ಕೊಂಡು ಕೂತಿರ್ತೀನಿ. ಕೈ ನೋಯತ್ತೆ, ಅಷ್ಟರಲ್ಲಿ ಕ್ಲಾಸು ಮುಗಿಯತ್ತೆ."

ನಿಜವೇ. ಕುದುರೆ ಲಾಳದ ಆಕಾರದ ಆ ದೊಡ್ಡ ಹಾಲಿನಲ್ಲಿ ಪ್ರತಿಯೊಬ್ಬರ ಮುಂದೆಯೂ ಹೆಸರಿನ ಹಲಗೆ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕೂತು ಯಾರು ಮಾತಾಡಿದರು ಅಂತ ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದಳು. ಪ್ರೊಫೆಸರಮ್ಮ ಪಾಠ ಮಾಡುವುದಿಲ್ಲ. ಒಂದು ಕಂಪನಿಯ ಕಥೆ ಕೊಟ್ಟು, ಅದರ ರೋಗ ಏನು, ಮದ್ದು ಏನು ಅಂತ ಕೇಳಿ ಸುಮ್ಮನೆ ನಿಲ್ಲುತ್ತಾರೆ. ಮಿಕ್ಕಿದ್ದೆಲ್ಲ ವಿದ್ಯಾರ್ಥಿಗಳ ಗದ್ದಲ. ನಾಲ್ಕನೇ ವಾರ ಒಂದು ಶರ್ಟ್ ಫ್ಯಾಕ್ಟರಿಯ ಕಥೆ ಬಂದಿತ್ತು. ಮಾರಿದ ಶರ್ಟುಗಳು ರಾಶಿ ರಾಶಿ ವಾಪಸ್ ಬರುತ್ತಿವೆ, ಯಾಕೆ? ಹನ್ನೊಂದು ಜನ ಮಾತಾಡಿದರು. ಜಾಹೀರಾತು ಸರಿಯಿಲ್ಲ ಅಂದರು, ಜನರ ರುಚಿ ಬದಲಾಗಿದೆ ಅಂದರು, ಹೆಸರೇ ಹಳೆಯದಾಯಿತು ಅಂದರು. ಕೊನೆಯ ಪುಟದ ಪಟ್ಟಿ ನೋಡಿದ ಕೂಡಲೇ ರೋಗ ಏನೆಂದು ಸೊಸೆಗೆ ಗೊತ್ತಾಗಿತ್ತು. ಅವಳು ಎಪ್ಪತ್ತು ನಿಮಿಷ ಕೈ ಎತ್ತಿಕೊಂಡೇ ಕೂತಿದ್ದಳು. ಬಾಯಿ ಬಿಡದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತ ಬಸ್ಸಿನಲ್ಲಿ ಮನೆಗೆ ಬಂದಿದ್ದಳು.

"ಇನ್ನೂ ಏಳು ವಾರ ಇದೆಯಲ್ಲ" ಅಂದರು ಹೆಡ್‌ಮೇಷ್ಟ್ರು, ಮೀಸೆ ನೇವರಿಸಿಕೊಂಡು. "ಭಾಷಣ ಸ್ಪರ್ಧೆಗೆ ನಾನು ತಯಾರು ಮಾಡಿದ ಮಕ್ಕಳು ಒಬ್ಬರಾ ಇಬ್ಬರಾ? ನಾಳೆಯಿಂದ ನಾನೇ ಹೇಳಿಕೊಡ್ತೀನಿ."

ಮಾರನೆಯ ದಿನದಿಂದ ಸಂಜೆ ಐದೂವರೆಗೆ ಮನೆಯೇ ಕ್ಲಾಸಾಯಿತು. ಮಾವ ಕುರ್ಚಿಯಲ್ಲಿ, ಸೊಸೆ ಎದುರಿಗೆ, ಪಟಾಕಿ ಸೋಫಾದ ಮೇಲೆ ಮಿಕ್ಕ ಎಪ್ಪತ್ತೊಂಬತ್ತು ಜನರ ಪಾತ್ರದಲ್ಲಿ. ಎದ್ದು ನಿಲ್ಲಬೇಕು. ಕೈ ಎರಡೂ ಪಕ್ಕಕ್ಕೆ. ಮೊದಲು ವಂದನೆ, ಆಮೇಲೆ "ನನ್ನ ವಿನಮ್ರ ಅಭಿಪ್ರಾಯದಲ್ಲಿ", ಆಮೇಲೆ ವಿಷಯ. ಸೊಸೆ ಒಂದಕ್ಷರ ಬಿಡದೆ ಕಲಿತಳು. ಕಲಿಯುವುದರಲ್ಲಿ ಅವಳದು ಎತ್ತಿದ ಕೈ.

ಬುಧವಾರ ಅದೃಷ್ಟಕ್ಕೆ ಪ್ರೊಫೆಸರಮ್ಮನ ಕಣ್ಣು ಅವಳ ಕಡೆ ಬಿತ್ತು. ಸೊಸೆ ಧಡಕ್ಕನೆ ಎದ್ದು ನಿಂತಳು. ಆ ಹಾಲ್ ಕಟ್ಟಿದಾಗಿನಿಂದ ಅಲ್ಲಿ ಯಾರೂ ಎದ್ದು ನಿಂತು ಉತ್ತರ ಹೇಳಿದ್ದಿಲ್ಲ. "ಮಾನ್ಯ ಪ್ರೊಫೆಸರರೇ, ಪ್ರೀತಿಯ ಸಹಪಾಠಿಗಳೇ, ನನ್ನ ವಿನಮ್ರ..." ಅನ್ನುವಷ್ಟರಲ್ಲಿ ಯಾರೋ ಕಿಸಕ್ಕಂದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಎದುರು ಸಾಲಿನವನೊಬ್ಬ ಮಾತು ಎತ್ತಿಕೊಂಡು ಹೋಗೇಬಿಟ್ಟ. ಅವಳು ಹಾಗೇ ಕೂತಳು.

ಪಕ್ಕದ ಸೀಟಿನವನು ಹತ್ತು ವರ್ಷ ಹಡಗಿನಲ್ಲಿ ದುಡಿದು ಬಂದ ಭಾರೀ ಆಸಾಮಿ. ಇವಳು ಕಾಲು ತುಳಿದದ್ದು ಅವನದನ್ನೇ. ಕ್ಲಾಸು ಮುಗಿದ ಮೇಲೆ ಅವನು ಹೇಳಿದ: "ಇಲ್ಲಿ ಯಾರೂ ನಿಮಗೆ ಜಾಗ ಕೊಡಲ್ಲ. ಎಂಥ ಮಾತುಗಾರನೂ ಉಸಿರು ತಗೊಳ್ಳಲೇಬೇಕು. ಆ ಗಳಿಗೆ ನೋಡ್ಕೊಂಡು ನುಗ್ಗಿಬಿಡಿ. ಕೈ ಎತ್ತಬೇಡಿ, ಏಳಬೇಡಿ, ಕ್ಷಮೆ ಕೇಳಬೇಡಿ."

"ಅದು ಮರ್ಯಾದೆ ಅಲ್ವಲ್ಲ?"

"ಮರ್ಯಾದೆಗೆ ಎಷ್ಟು ಮಾರ್ಕಿದೆ ಅಂತ ಆ ಹಾಳೇಲಿ ನೋಡಿದೀರಾ?"

ಮನೆಗೆ ಬಂದು ಮೊದಲು ಮಗಳ ಮೇಲೆ ಅಭ್ಯಾಸ ಮಾಡಿ ನೋಡಿದಳು. ಆಗಲಿಲ್ಲ, ಪಟಾಕಿ ಉಸಿರೇ ತಗೊಳ್ಳುವುದಿಲ್ಲ. ಗಂಡ ಕೆಲಸದಿಂದ ಬಂದವನು ಮಾತಾಡುವುದೇ ಕಡಿಮೆ. ಇನ್ನು ಉಳಿದದ್ದು ಊಟದ ಮನೆಯ ಭಾಷಣಕಾರರು. ಎರಡು ದಿನ ಸೊಸೆ ಅನ್ನ ಕಲಸುತ್ತ ಅವರ ಉಸಿರು ಎಣಿಸಿದಳು. ಮೂರನೆಯ ಸಂಜೆ ಹೆಡ್‌ಮೇಷ್ಟ್ರು ಮೊಮ್ಮಗಳ ವಿಷಯ ತೆಗೆದರು.

"ಆ ನಾಟಕದ ಕ್ಲಾಸು ಗೀಸು ಸಾಕು. ಹೆಣ್ಣುಮಗು ಸ್ಟೇಜ್ ಮೇಲೆ ಕಿರುಚಿ ಏನಾಗಬೇಕಾಗಿದೆ? ಮುಂದಿನ ತಿಂಗಳಿಂದ ಸಂಜೆ ನನ್ನ ಹತ್ರ ಕೂತು ಮಗ್ಗಿ ಹೇಳಲಿ. ನಾನು ಹೇಳೋದು ಏನಂದ್ರೆ..."

"ಇಲ್ಲ ಮಾವ. ಅವಳು ನಾಟಕದ ಕ್ಲಾಸಿಗೆ ಹೋಗ್ತಾಳೆ."

ಅತ್ತೆಯ ಕೈಯ ಸೌಟು ಪಾತ್ರೆಯೊಳಗೇ ನಿಂತಿತು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಏನಂದೆ?"

"ಹೋಗ್ತಾಳೆ ಅಂದೆ. ಮಗ್ಗಿ ಶನಿವಾರ ಹೇಳ್ಕೊಡಿ."

"ನಾನು ಮಾತಾಡ್ತಾ ಇದೀನಿ! ನನ್ನ ಮಾತಿಗೆ ಅಡ್ಡ ಬಾಯಿ ಹಾಕ್ತೀಯಾ?"

"ಬೇರೆ ಹೇಗೆ ಹಾಕ್ಲಿ ಮಾವ? ನೀವು ನಿಲ್ಲಿಸೋದೇ ಇಲ್ವಲ್ಲ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆದರೆ ವಿಚಿತ್ರ ನೋಡಿ, ಹೆದರಿಕೆಯ ಜೊತೆಗೇ ಒಂದು ಖುಷಿಯೂ ಆಯಿತು. ಹೆಡ್‌ಮೇಷ್ಟ್ರು ತಟ್ಟೆ ಎತ್ತಿಕೊಂಡು ಮಲಗುವ ಕೋಣೆಗೆ ಹೋದರು. ಮಾರನೆಯ ದಿನದಿಂದ ಅವರ ಊಟ ಅಲ್ಲೇ, ಮಂಚದ ಮೇಲೆ. ಸಂಜೆಯ ಪಾಠ ನಿಂತಿತು. ಸೊಸೆ ತಟ್ಟೆ ತಂದಿಟ್ಟರೆ ಗೋಡೆ ನೋಡುತ್ತಿದ್ದರು. ಅತ್ತೆ ತಂದರೆ ಉಣ್ಣುತ್ತಿದ್ದರು.

"ನೀನು ಹೋಗಿ ಒಂದು ಸಲ ತಪ್ಪಾಯ್ತು ಅಂದುಬಿಡು. ಮನೇಲಿ ಉಸಿರು ಕಟ್ಟತ್ತೆ" ಅಂದ ಗಂಡ, ಕೆಲಸಕ್ಕೆ ಹೊರಡುತ್ತ ಬೂಟಿನ ಲೇಸು ಬಿಗಿಯುತ್ತ.

"ತಪ್ಪಾಗಿದ್ರೆ ಅಂತಿದ್ದೆ."

"ಯಾವಾಗಿಂದ ಹೀಗಾದೆ ನೀನು?"

"ಕಾಗದ ಬಂದಾಗಿಂದ" ಅಂದು ಅವಳು ಊಟದ ಡಬ್ಬಿ ಅವನ ಕೈಗಿಟ್ಟಳು.

ಶನಿವಾರ ಅತ್ತೆ ಸೊಸೆ ಇಬ್ಬರೂ ನೆಲಮಾಳಿಗೆಯ ಒಗೆಯುವ ಕೋಣೆಗೆ ಇಳಿದರು. ಇಡೀ ಕಟ್ಟಡಕ್ಕೆ ಅಲ್ಲಿ ಎರಡೇ ಮಷೀನು. ಬಾಗಿಲಿನ ಚೀಟಿಯಲ್ಲಿ ಹೆಸರು ಬರೆದು ಸರದಿ ಕಾಯಬೇಕು. ಒಣಗಿದ ಬೆಡ್‌ಶೀಟನ್ನು ಆ ತುದಿ ಈ ತುದಿ ಹಿಡಿದು ಮಡಿಸುವಾಗ ಅತ್ತೆ ಇದ್ದಕ್ಕಿದ್ದಂತೆ ಅಂದರು: "ನೀನು ನುಗ್ಗಿದ ಜಾಗ ಸರಿಯಿಲ್ಲ."

ಸೊಸೆ ಬೈಗುಳ ಬರುತ್ತದೆ ಅಂದುಕೊಂಡಳು. "ಅಂದ್ರೆ ಅತ್ತೆ?"

"'ನಾನು ಹೇಳೋದು ಏನಂದ್ರೆ' ಅಂತಾರಲ್ಲ, ಆಗ ನುಗ್ಗಬಾರದು. ಆಗ ಅವರ ಹೊಟ್ಟೇಲಿ ಇನ್ನೂ ಅರ್ಧ ಗಂಟೆ ಮಾತಿರತ್ತೆ, ರೇಗಿಬಿಡ್ತಾರೆ. ಕನ್ನಡಕ ತೆಗೆದು ಒರೆಸ್ತಾರೆ ನೋಡು, ಆಗ ಮುಂದಿಂದು ಹುಡುಕ್ತಾ ಇರ್ತಾರೆ. ಆಗ ಎಂಥದ್ದು ಹೇಳಿದ್ರೂ ಒಳಗೆ ಹೋಗತ್ತೆ."

ಸೊಸೆ ಬೆಡ್‌ಶೀಟು ಹಿಡಿದುಕೊಂಡು ಹಾಗೇ ನಿಂತಳು. "ಇಷ್ಟೆಲ್ಲ ಗೊತ್ತಿದ್ದೂ ನೀವು ಒಂದು ದಿನಾನೂ..."

"ನನಗೆ ಯಾರು ಮಾರ್ಕು ಕೊಡ್ತಿದ್ರು?" ಅಂದ ಅತ್ತೆ ಬೆಡ್‌ಶೀಟಿನ ತುದಿಯನ್ನು ಜಗ್ಗಿ ಎಳೆದುಕೊಂಡರು. "ಹೂಂ, ನೆಟ್ಟಗೆ ಹಿಡಿ. ಸುಕ್ಕಾಗತ್ತೆ."

ಮುಂದಿನ ವಾರ ಸೊಸೆ ತರಗತಿಯಲ್ಲಿ ಮೂರು ಸಲ ನುಗ್ಗಿದಳು. ಮೊದಲನೆಯ ಸಲ ಧ್ವನಿ ಕೀರಲಾಯಿತು. ಎರಡನೆಯ ಸಲ ಹೇಳಬೇಕಾದ್ದೇ ಮರೆತು ಹೋಗಿ "ಅದೇ, ಅವರು ಹೇಳಿದ್ದೇ" ಅಂದಳು. ಮೂರನೆಯದು ಮಾತ್ರ ಸರಿಯಾಗಿ ಬಿತ್ತು. ಪ್ರೊಫೆಸರಮ್ಮ ತಿರುಗಿ "ಇನ್ನೂ ಸ್ವಲ್ಪ ಹೇಳಿ" ಅಂದರು. ಅದರ ಮುಂದಿನ ವಾರ ಐದು ಸಲ. ಹಡಗಿನವನು ತನ್ನ ಪುಸ್ತಕದ ಅಂಚಿನಲ್ಲಿ ಲೆಕ್ಕ ಇಟ್ಟಿದ್ದ. "ಎಂಬತ್ತರಿಂದ ಎಪ್ಪತ್ತೈದಕ್ಕೆ ಬಂದಿರಬೇಕು ನೀವು. ಇನ್ನು ಮೂರು ಜನರನ್ನ ದಾಟಿದ್ರೆ ಬಚಾವ್" ಅಂದ. ಸೊಸೆ ಅವತ್ತು ದಾರಿಯಲ್ಲಿ ಇಳಿದು ಮಗಳಿಗೆ ಬಿಸ್ಕತ್ತು, ಅತ್ತೆಗೆ ಕೈಗವಸು ಕೊಂಡು ಮನೆಗೆ ಹೋದಳು.

ಸೋಮವಾರ ಆಫೀಸಿನಿಂದ ಕರೆ ಬಂತು.

ಆಫೀಸಿನ ಹೆಂಗಸು ಬಹಳ ಮೃದುವಾಗಿ ಮಾತಾಡಿದಳು. ಅಷ್ಟು ಮೃದುವಾಗಿ ಮಾತಾಡುವುದು ಕೆಟ್ಟ ಸುದ್ದಿ ಹೇಳುವವರೇ ಅಂತ ಸೊಸೆಗೆ ಅನುಭವದಿಂದ ಗೊತ್ತಿತ್ತು. ಮೇಜಿನ ಮೇಲೆ ನಾಲ್ಕು ಹಾಳೆಯ ಕಾಗದ. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಮುತ್ತು ಪೋಣಿಸಿದಂಥ ಅಕ್ಷರ, ಮುಖ್ಯವಾದ ಮಾತುಗಳ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಆ ಕೈಬರಹ ಇಡೀ ಊರಿನಲ್ಲಿ ಒಬ್ಬರದೇ.

ಹೆಡ್‌ಮೇಷ್ಟ್ರು ಮೂವತ್ತಾರು ವರ್ಷ ಪೋಷಕರ ಕಾಗದ ಓದಿದವರು. ಮಗುವಿಗೆ ಜ್ವರ, ದಯವಿಟ್ಟು ರಜೆ ಕೊಡಿ. ಮಗುವಿಗೆ ಕಾಲು ನೋವು, ದಯವಿಟ್ಟು ಆಟದಿಂದ ಬಿಡಿ. ಅವರು 'ಆಗಬಹುದು' ಅಂತ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು. ಈಗ ತಾವೇ ಒಂದು ಬರೆದಿದ್ದರು. 'ನನ್ನ ಸೊಸೆಯು ಸಂಭಾವಿತ ಮನೆತನದವಳಾಗಿದ್ದು, ಹಿರಿಯರ ಮುಂದೆ ಮಾತನಾಡುವ ಅಭ್ಯಾಸ ಇಲ್ಲದವಳು. ಅವಳ ಮೌನವನ್ನು ಗೌರವವೆಂದು ಭಾವಿಸಬೇಕೇ ಹೊರತು ಅಜ್ಞಾನವೆಂದಲ್ಲ. ಆದುದರಿಂದ ದಯಾಳುಗಳಾದ ತಾವು ಅವಳಿಗೆ ಮಾತಿನಿಂದ ವಿನಾಯಿತಿ ನೀಡಬೇಕಾಗಿ ಕೋರುವ, ಪೋಷಕರು.' ನಿಮಿಷಕ್ಕೆ ಸರಿಯಾಗಿ ಬರುವ ಬಸ್ಸು ಹಿಡಿದು, ಕೋಟು ಹಾಕಿಕೊಂಡು, ಖುದ್ದಾಗಿ ತಂದು ಕೊಟ್ಟು ಹೋಗಿದ್ದರು.

"ಇದನ್ನ ವಿನಾಯಿತಿ ಅರ್ಜಿ ಅಂತ ತಗೊಂಡಿದೀವಿ" ಅಂದಳು ಆಫೀಸಿನವಳು. "ಒಪ್ಪಿಗೆಯಾದರೆ ಮಾತಿನ ಮಾರ್ಕು ನಿಮಗೆ ಅನ್ವಯಿಸಲ್ಲ. ಆದರೆ ಮಾತಿನ ಮಾರ್ಕಿಲ್ಲದೆ ಡಿಗ್ರಿ ಕೊಡೋ ಹಾಗಿಲ್ಲ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ವರ್ಗ ಮಾಡ್ತೀವಿ. ಅದು ಖಂಡಿತ ಪಾಸಾಗ್ತೀರಿ. ಗುರುವಾರ ಹನ್ನೊಂದು ಗಂಟೆಗೆ ಸಮಿತಿ ಕೂರತ್ತೆ. ಅರ್ಜಿ ಬರೆದವರೂ ಬರಬಹುದು."

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಮಲಗುವ ಕೋಣೆಗೆ ನುಗ್ಗಿದಳು. ಹೆಡ್‌ಮೇಷ್ಟ್ರು ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ನನ್ನ ಕೇಳದೆ ಆ ಕಾಗದ ಯಾಕೆ ಕೊಟ್ರಿ?"

ಎರಡು ವಾರದ ಮೇಲೆ ಅವರು ಸೊಸೆಯ ಜೊತೆ ಮಾತಾಡಿದ್ದು ಅದೇ ಮೊದಲು. "ನಿನ್ನ ಒಳ್ಳೇದಕ್ಕೇ ಕೊಟ್ಟೆ. ಮನೆ ಹೆಣ್ಣುಮಗಳು ಗಂಡಸರ ಮಧ್ಯ ಬಾಯಿ ಹಾಕಿ ಕಿತ್ತಾಡೋದು ಬೇಡ ಅಂತ. ಆ ಚಾಳಿ ಆಗಲೇ ಮನೆವರೆಗೂ ಬಂತಲ್ಲ. ಮರ್ಯಾದೆಯಾಗಿ ಬರೆದಿದೀನಿ, ಮರ್ಯಾದೆಯಾಗಿ ಒಪ್ಪಿದಾರೆ."

"ಒಪ್ಪಿಲ್ಲ ಮಾವ, ನನ್ನ ಎತ್ತಿ ಎಸೀತಿದಾರೆ! ಡಿಗ್ರಿ ಹೋಗತ್ತೆ. ಆರು ತಿಂಗಳಿಗೆ ಒಂದು ಚೀಟಿ ಕೊಟ್ಟು ವಾಪಸ್ ಕಳಿಸ್ತಾರೆ. ಗುರುವಾರ ಸಮಿತಿ ಕೂರತ್ತೆ. ನಾನು ಎಂಬತ್ತರಿಂದ ಎಪ್ಪತ್ತೈದಕ್ಕೆ ಬಂದಿದ್ದೆ. ಗೊತ್ತಾ ನಿಮಗೆ? ಒಂದು ಸಲ ಕೇಳಿದ್ರಾ?"

ಕಿತ್ತಳೆ ಅವರ ಕೈಯಲ್ಲೇ ಉಳಿಯಿತು. ಡಿಗ್ರಿಯ ವಿಷಯ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಗೊತ್ತಿರಲಿಲ್ಲ ಅಂತ ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆಲ್ಲಿಯದು? "ಏನೇ ಆಗಲಿ, ಬಂದು ನಾನೇ ವಿವರಿಸ್ತೀನಿ" ಅಂದರು.

ಗದ್ದಲಕ್ಕೆ ಗಂಡ ಎದ್ದು ಬಂದ. ಎಲ್ಲ ಕೇಳಿ ಬಾಗಿಲ ಚೌಕಟ್ಟಿಗೆ ಒರಗಿದ. "ಅಲ್ಲ, ಇನ್ನೊಂದು ಥರ ಯೋಚನೆ ಮಾಡು. ಸರ್ಟಿಫಿಕೇಟು ಗ್ಯಾರಂಟಿ. ಡಿಗ್ರಿ ಅಂತ ಹಟ ಹಿಡಿದು ಕೊನೆಗೆ ಕಡೆಯ ಎಂಟರಲ್ಲೇ ಬಿದ್ರೆ? ಬರಿಗೈಲಿ ಹೋಗ್ಬೇಕು. ಪ್ರೆಸ್ಸಿನವರು ನನ್ನ ಜಾಗಕ್ಕೆ ಬೇರೆಯವರನ್ನ ತಗೊಂಡಾಗಿದೆ."

"ಅಂದ್ರೆ ನಿಮಗೂ ನಂಬಿಕೆ ಇಲ್ಲ."

"ನಂಬಿಕೆ ಪ್ರಶ್ನೆ ಅಲ್ಲ ಕಣೇ..."

"ಅದೇ ಪ್ರಶ್ನೆ. ಈ ಸೀಟು ತಗೊಳ್ಳೋವಾಗ ನಾನು ಯಾರನ್ನೂ ಕೇಳಿರಲಿಲ್ಲ. ಬಿಡೋವಾಗ ಕೇಳ್ತೀನಾ? ಬಿಡಲ್ಲ. ಬಿದ್ರೆ ನಾನೇ ಬೀಳ್ತೀನಿ, ನೀವ್ಯಾರೂ ತಳ್ಳೋದು ಬೇಡ."

ಅಡಿಗೆಮನೆಯಿಂದ ಅತ್ತೆಯ ಧ್ವನಿ ಬಂತು. "ಬೇಳೆ ಆರ್ತಾ ಇದೆ. ಜಗಳ ಆಡೋರು ಉಂಡು ಆಡಿ. ಮತ್ತೆ ಹೆಡ್‌ಮೇಷ್ಟ್ರೇ, ಇವತ್ತಿಂದ ನಿಮ್ಮ ತಟ್ಟೆ ಟೇಬಲ್ ಮೇಲೇ ಇರತ್ತೆ. ಕೋಣೆಗೆ ತರೋರು ಯಾರೂ ಇಲ್ಲ."

ಅವತ್ತು ಊಟದ ಟೇಬಲ್ಲಿನಲ್ಲಿ ಐದು ಜನರೂ ಇದ್ದರು. ಪಟಾಕಿ ಒಬ್ಬಳೇ ಮಾತಾಡಿದಳು, ನಾಟಕದಲ್ಲಿ ತನಗೆ ಮರದ ಪಾತ್ರ ಸಿಕ್ಕಿದ್ದರ ಬಗ್ಗೆ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಹೆಡ್‌ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿ ಸಮಿತಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸೊಸೆ ಬೇಡ ಅಂದಿದ್ದಳು, ಕೇಳುವವರಲ್ಲ. ಒಳಗೆ ಉದ್ದನೆಯ ಮೇಜು, ನೀರಿನ ಜಗ್ಗು. ಅಧ್ಯಕ್ಷರು ತೆಳ್ಳಗಿನ ಮುದುಕರು. ಅವರ ಒಂದು ಪಕ್ಕ ಪ್ರೊಫೆಸರಮ್ಮ, ಇನ್ನೊಂದು ಪಕ್ಕ ಆಫೀಸಿನವಳು. ಅರ್ಜಿ ಬರೆದವರು ಮೊದಲು ಹೇಳಲಿ ಅಂದರು ಅಧ್ಯಕ್ಷರು. ಇಪ್ಪತ್ತು ನಿಮಿಷ ಇದೆ ಅಂತಲೂ ಹೇಳಿದರು.

ಹೆಡ್‌ಮೇಷ್ಟ್ರಿಗೆ ಇಷ್ಟು ಸಿಕ್ಕರೆ ಸಾಕಲ್ಲ. ಎದ್ದು ನಿಂತರು, ಮೂವರಿಗೂ ವಂದಿಸಿದರು. ತಮ್ಮ ಸೇವಾವಧಿ ಹೇಳಿದರು, ಶಿಸ್ತಿನ ಮಹತ್ವ ಹೇಳಿದರು, ತುಂಬಿದ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು ಅಂತ ಹೇಳಿದರು. ಅಧ್ಯಕ್ಷರು ತಲೆದೂಗುತ್ತಿದ್ದರು. ಒಬ್ಬ ಗೌರವಸ್ಥ ಇನ್ನೊಬ್ಬ ಗೌರವಸ್ಥನ ಮಾತು ಕೇಳುವ ಹಾಗಿತ್ತು ಅದು. ಒಂಬತ್ತು ನಿಮಿಷ ಕಳೆಯಿತು. ತನ್ನ ಎರಡು ವರ್ಷದ ಡಿಗ್ರಿ, ಇಡೀ ಮನೆಯ ಅನ್ನ, ಎಲ್ಲವೂ ಇವರಿಬ್ಬರ ನಡುವಿನ ಸೌಜನ್ಯದಲ್ಲಿ ಕರಗಿ ಹೋಗುತ್ತಿದೆ ಅಂತ ಸೊಸೆಗೆ ಕಂಡಿತು. ಸಿಟ್ಟು ನೆತ್ತಿಗೇರಿತು.

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಕರವಸ್ತ್ರಕ್ಕೆ ಕೈ ಹಾಕಿದರು.

"ಆ ಕಾಗದ ನನ್ನದಲ್ಲ" ಅಂದಳು ಸೊಸೆ. "ನನ್ನ ಮಾವ ಬರೆದದ್ದು. ಅವರು ಒಳ್ಳೆಯವರು, ಆದರೆ ಈ ಸೀಟು ಅವರದಲ್ಲ. ನನಗೆ ವಿನಾಯಿತಿ ಬೇಡ. ಕಾಗದ ವಾಪಸ್ ಕೊಡಿ."

ಹೆಡ್‌ಮೇಷ್ಟ್ರು ಕನ್ನಡಕ ಕೈಯಲ್ಲಿ ಹಿಡಿದೇ ಕುರ್ಚಿಗೆ ಕುಸಿದರು.

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. "ಯೋಚನೆ ಮಾಡಿ. ವಿನಾಯಿತಿ ತಗೊಂಡರೆ ಸರ್ಟಿಫಿಕೇಟು ಖಚಿತ. ಬೇಡ ಅಂದರೆ ಇನ್ನು ಮೂರು ವಾರ ಅಷ್ಟೆ. ಕಡೆಯ ಎಂಟರಲ್ಲಿ ಉಳಿದರೆ ನಾವು ಯಾರೂ ಸಹಾಯ ಮಾಡೋಕಾಗಲ್ಲ."

"ಯೋಚನೆ ಮಾಡಿಯೇ ಬಂದಿದೀನಿ. ಕೊಡಿ."

ಆಫೀಸಿನವಳು ನಾಲ್ಕು ಹಾಳೆಯನ್ನೂ ಮೇಜಿನ ಮೇಲೆ ಸರಿಸಿದಳು. ಸೊಸೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕೆಲಸ ಅಲ್ಲಿಗೆ ಮುಗಿದಿತ್ತು. ಥ್ಯಾಂಕ್ಸ್ ಹೇಳಿ ಎದ್ದು ಬರಬಹುದಿತ್ತು. ಆದರೆ ಪ್ರೊಫೆಸರಮ್ಮ ಕುತೂಹಲಕ್ಕೆ ಒಂದು ಪ್ರಶ್ನೆ ಎಸೆದರು. "ಇಷ್ಟು ಖಡಕ್ಕಾಗಿ ಮಾತಾಡೋರು ಏಳು ವಾರ ಎಲ್ಲಿಗೆ ಹೋಗಿದ್ರಿ?"

"ಇಲ್ಲೇ ಇದ್ದೆ. ನಾಲ್ಕನೇ ವಾರ, ಶರ್ಟ್ ಫ್ಯಾಕ್ಟರಿ ಪಾಠ. ಎಪ್ಪತ್ತು ನಿಮಿಷ ಕೈ ಎತ್ತಿದ್ದೆ. ಹನ್ನೊಂದು ಜನ ಮಾತಾಡಿದ್ರು. ಹನ್ನೊಂದು ಜನರದೂ ತಪ್ಪು."

ಪ್ರೊಫೆಸರಮ್ಮನ ಹುಬ್ಬು ಮೇಲೇರಿತು. "ಹೇಗೆ?"

"ಕೊನೆಯ ಪುಟದ ಪಟ್ಟಿ ನೋಡಿ. ಕಾಲರಿನ ಒಳಗೆ ಹಾಕೋ ಗಟ್ಟಿ ಬಟ್ಟೆಯನ್ನ ಏಪ್ರಿಲ್‌ನಲ್ಲಿ ಬೇರೆಯವರಿಂದ ತಗೊಂಡಿದಾರೆ, ಅಗ್ಗಕ್ಕೆ. ಜೂನಿಂದ ಶರ್ಟು ವಾಪಸ್ ಬರ್ತಾ ಇದೆ. ಒಳಗಿನ ಬಟ್ಟೆ ಒಗೆದಾಗ ಕುಗ್ಗತ್ತೆ, ಹೊರಗಿಂದು ಕುಗ್ಗಲ್ಲ, ಕಾಲರು ಗುಳ್ಳೆ ಏಳತ್ತೆ. ಯಾರು ಹಾಕ್ಕೋತಾರೆ? ಜಾಹೀರಾತು ಏನು ಮಾಡತ್ತೆ ಅದಕ್ಕೆ? ಆ ಹನ್ನೊಂದು ಜನಕ್ಕೂ ನಿಮ್ಮ ಹಾಳೇಲಿ ಗೀಟು ಬಿತ್ತು. ನನಗೆ ಬೀಳಲಿಲ್ಲ."

ಪ್ರೊಫೆಸರಮ್ಮ ಫೈಲು ತೆರೆದು ಕೊನೆಯ ಪುಟ ತಿರುವಿದರು. ಓದಿದರು. ಮತ್ತೆ ಓದಿದರು. ಅಧ್ಯಕ್ಷರು ಗಡಿಯಾರ ನೋಡಿ, ಕಾಗದ ಜೋಡಿಸಿಕೊಂಡು, "ಸರಿ, ಸಮಯ ಆಯ್ತು" ಅನ್ನುತ್ತ ಅರ್ಧ ಎದ್ದರು.

ದೊಡ್ಡವರು ಎದ್ದ ಕೂಡಲೇ ಏಳುವುದು ಹೆಡ್‌ಮೇಷ್ಟ್ರ ಮೈಗೆ ಹತ್ತಿದ್ದು. ಅವರೂ ಎದ್ದು ಕೋಟಿನ ಗುಂಡಿ ಹಾಕಿಕೊಂಡು ಸೊಸೆಯ ಹೆಗಲ ಹತ್ತಿರ ಬಗ್ಗಿದರು. "ಸಾಕಮ್ಮಾ, ಏಳು. ಅವರು ಹೊರಟ್ರು."

"ಕೂತ್ಕೊಳ್ಳಿ ಮಾವ. ನಾನಿನ್ನೂ ಮುಗಿಸಿಲ್ಲ."

ಅದನ್ನೇ ಅಧ್ಯಕ್ಷರ ಕಡೆ ತಿರುಗಿ ಅವರ ಭಾಷೆಯಲ್ಲೂ ಹೇಳಿದಳು. "ನಾನು ಒಂಬತ್ತು ವರ್ಷ ಚೆಕಿಂಗ್ ಮಾಡಿದವಳು. ಎಷ್ಟು ಶರ್ಟು ಹೊಲಿದ್ರಿ ಅಂತ ನಮ್ಮನ್ನ ಯಾರೂ ಕೇಳ್ತಿರಲಿಲ್ಲ, ಎಷ್ಟು ಪಾಸಾಯ್ತು ಅಂತ ಕೇಳ್ತಿದ್ರು. ನೀವು ಎಷ್ಟು ಸಲ ಬಾಯಿ ತೆಗೆದ್ರು ಅಂತ ಎಣಿಸ್ತೀರಿ. ಏನಂದ್ರು ಅಂತ ಒಂದು ಸಾಲು ಬರ್ಕೊಳ್ಳಲ್ಲ. ಇದು ಮ್ಯಾನೇಜ್‌ಮೆಂಟ್ ಕಲಿಸೋ ಜಾಗ ಅಲ್ವಾ? ಇನ್ನು ಮೂರು ವಾರ ನಾನು ಮಾತಾಡ್ತೀನಿ, ಯಾರನ್ನೂ ಕೇಳದೆ ಮಾತಾಡ್ತೀನಿ. ಆದರೆ ಆ ಹಾಳೆ ಹೇಗಿರಬೇಕು ಅಂತ ನನಗೊಂದು ಅಭಿಪ್ರಾಯ ಇದೆ. ಅದರಲ್ಲಿ ಮೂರು ವಿಷಯ ಇದೆ."

ಅಧ್ಯಕ್ಷರು ಹಾಗೇ ಅರ್ಧ ನಿಂತು ಪ್ರೊಫೆಸರಮ್ಮನ ಮುಖ ನೋಡಿದರು. ಪ್ರೊಫೆಸರಮ್ಮ ಪೆನ್ನಿನ ಮುಚ್ಚಳ ತೆಗೆದು ಒಂದು ಖಾಲಿ ಹಾಳೆ ಎಳೆದುಕೊಂಡರು. ಅಧ್ಯಕ್ಷರು ಕೂತರು. ಅವರು ಕೂತದ್ದು ನೋಡಿ ಹೆಡ್‌ಮೇಷ್ಟ್ರು ಕೂತರು, ಎರಡೂ ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿಕೊಂಡು.

"ಮೊದಲನೆಯದು" ಅಂದಳು ಸೊಸೆ.